ಕೆರೆಯ ನೀರಿನಲ್ಲಿ ಮೀನುಪಂಜರ: ಸಾಕುವ ಕ್ರಮವೂ ಅದರ ಆದಾಯವೂ

ಕೆರೆಗೆ ಮೀನುಮರಿಗಳನ್ನು ಬಿಡುವ ಪದ್ಧತಿಯು ನಮ್ಮ ಗ್ರಾಮಗಳಲ್ಲಿ ಹೊಸದೇನೂ ಅಲ್ಲ. ಮಳೆಗಾಲದ ಆರಂಭದಲ್ಲಿ ಮರಿಗಳನ್ನು ತಂದು, ಏರಿಯ ಮೇಲೆ ನಿಂತು ನೀರಿಗೆ ಸುರಿದು, ಬೇಸಗೆಯಲ್ಲಿ ಬಲೆ ಹಾಕಿಸಿ ನೋಡಿದಾಗ, ಬಿಟ್ಟ ಸಾವಿರಕ್ಕೆ ನೂರು ಸಹ ಸಿಕ್ಕದೆ ಹೋಗುವುದನ್ನು ಅನೇಕ ಗ್ರಾಮಸ್ಥರು ಅನುಭವದಿಂದ ಬಲ್ಲರು. ಮರಿಯನ್ನು ಕೊಟ್ಟವನು ಮೋಸ ಮಾಡಿದನೆಂದೂ, ರಾತ್ರಿ ಯಾರೋ ಕದ್ದು ಹಿಡಿದರೆಂದೂ ದೂರುವುದು ವಾಡಿಕೆಯಾಗಿದೆ. ಒಮ್ಮೊಮ್ಮೆ ಆ ದೂರು ನಿಜವೂ ಆಗಿರಬಹುದು. ಆದರೆ ಬಹುಮಟ್ಟಿಗೆ ಕಳ್ಳರು ನೀರಿನೊಳಗೇ ಇರುತ್ತಾರೆ. ಒಂದು ಅಂಗುಲದಷ್ಟಿರುವ ಮರಿಯು ಕೊರವ, ಬಾಳೆ ಮೊದಲಾದ ಮೀನುಗಳಿಗೂ, ನೀರುಹಾವು, ನೀರುಕಾಗೆ, ಮಿಂಚುಳ್ಳಿಗಳಿಗೂ ಒಂದೇ ತುತ್ತು. ಅದೇ ಮರಿಯು ಮೂರು ನಾಲ್ಕು ಅಂಗುಲಕ್ಕೆ ಬೆಳೆದು ಬಲಿತ ಮೇಲೆ ಕೆರೆಗೆ ಇಳಿದರೆ ತಪ್ಪಿಸಿಕೊಂಡು ಬದುಕುವ ಶಕ್ತಿಯನ್ನು ಪಡೆದಿರುತ್ತದೆ. ಈ ನಡುವಣ ಎರಡೂವರೆ ತಿಂಗಳ ಕಾಲ ಮರಿಯನ್ನು ಕಾಪಾಡುವುದಕ್ಕೆ, ಕೆರೆಯಲ್ಲಿಯೇ ತೇಲುವ ಬಲೆಯ ಪಂಜರವು ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಜಮೀನುದಾರರ ಮತ್ತು ಗ್ರಾಮಮುಖ್ಯರ ಗಮನಕ್ಕೆ ತರುವುದೇ ಈ ಕರಪತ್ರದ ಉದ್ದೇಶ.

ಪಂಜರದಲ್ಲಿ ಮೀನನ್ನು ಇಡುವ ಯುಕ್ತಿಯು ಕಾಂಬೋಡಿಯ ದೇಶದ ದೊಡ್ಡ ಸರೋವರದ ಬೆಸ್ತರಿಂದ ಬಂದುದೆಂದು ಹೇಳುವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೇ ಅವರು ಬಿದಿರಿನ ಮತ್ತು ಮರದ ಪಂಜರಗಳಲ್ಲಿ ಜೀವಂತ ಮೀನನ್ನು ತುಂಬಿ, ದೋಣಿಯ ಪಕ್ಕಕ್ಕೆ ಕಟ್ಟಿಕೊಂಡು ಪೇಟೆಗೆ ಸಾಗಿಸುತ್ತಿದ್ದರು. ದಾರಿಯಲ್ಲಿ ಅಡಿಗೆಯ ಉಳಿಕೆಯನ್ನು ಹಾಕಿದಾಗ ಮೀನು ಕೊಬ್ಬುವುದನ್ನು ಕಂಡು ಅದನ್ನೇ ಸಾಕಣೆಯಾಗಿ ಮಾಡಿಕೊಂಡರು. ನಮ್ಮ ದೇಶದಲ್ಲಿ 1970ರ ದಶಕದಲ್ಲಿ, ಆಗ ಅಲಹಾಬಾದೆಂದು ಕರೆಯುತ್ತಿದ್ದ ಊರಿನ ಬಳಿ ಗಂಗಾ ಯಮುನಾ ನದಿಗಳಲ್ಲಿ ಗೆಂಡೆ ಮೀನುಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಲಾಯಿತು. ಅದಕ್ಕೂ ಮುಂಚೆ, 1957ನೆಯ ಇಸವಿ ಜುಲೈ 10ರಂದು, ಒರಿಸ್ಸಾ ಪ್ರಾಂತದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿಯು ಮೀನಿನ ಮೆದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದುದನ್ನು ಇಲ್ಲಿ ನೆನೆಯಬೇಕು. ಅದಕ್ಕೆ ಮೊದಲು ಕಾಟ್ಲ, ರೋಹು, ಮೃಗಾಲ್ ಮರಿಗಳಿಗೆ ಉತ್ತರದ ನದಿಗಳನ್ನೇ ನಂಬಿಕೊಳ್ಳಬೇಕಾಗಿತ್ತು. ಈಗ ಭದ್ರಾ ಜಲಾಶಯದ ಬಳಿಯಲ್ಲಿರುವಂಥ ಮೀನುಮರಿ ಕ್ಷೇತ್ರಗಳಲ್ಲಿಯೇ ಅವು ಉತ್ಪತ್ತಿಯಾಗುತ್ತವೆ. ಹೀಗೆ ಸಣ್ಣ ಮರಿಗೆ ಕೊರತೆಯಿಲ್ಲ. ಕೊರತೆ ಇರುವುದು ಬಲಿತ ಮರಿಗೆ.

ಪಂಜರವು ಎಲ್ಲಿ ಸಲ್ಲುವುದಿಲ್ಲ

ಮೊದಲು ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯಕ. ದೊಡ್ಡ ಜಲಾಶಯಗಳಲ್ಲಿ ಪಂಜರಗಳನ್ನು ಸಾಲಾಗಿ ನಿಲ್ಲಿಸಿ, ಕಾರ್ಖಾನೆಯ ಗುಳಿಗೆ ಆಹಾರವನ್ನು ಹಾಕಿ, ಪಂಗಾಸಿಯಸ್ ಮುಂತಾದ ಮೀನುಗಳನ್ನು ಊಟದ ಗಾತ್ರಕ್ಕೆ ಬೆಳೆಸುವ ಉದ್ಯಮವೊಂದುಂಟು. ಜಾರ್ಖಂಡದ ಚಾಂಡಿಲ್ ಜಲಾಶಯದಲ್ಲಿ ಮುಳುಗಡೆಯಿಂದ ಭೂಮಿ ಕಳೆದುಕೊಂಡವರ ಸಂಘಗಳು 2010ರ ದಶಕದಲ್ಲಿ ಇದನ್ನು ಕೈಗೊಂಡು ಹೆಸರು ಪಡೆದವು. ಇದನ್ನು ಕೇಳಿದ ಕೆಲವು ಉತ್ಸಾಹಿಗಳು ಊರ ಕೆರೆಯಲ್ಲಿಯೂ ಹಾಗೆಯೇ ಮಾಡಬಹುದೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ಅಂಥ ಸಾಕಣೆಗೆ ಸಾವಿರ ಹೆಕ್ಟೇರಿಗೆ ಕಡಮೆಯಿಲ್ಲದ ವಿಸ್ತಾರವೂ, ಹತ್ತು ಮೀಟರಿನಷ್ಟು ಆಳವೂ ಇರುವ ಜಲಾಶಯಗಳೇ ತಕ್ಕವೆಂದು ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಸೂಚನೆಗಳಲ್ಲಿ ಹೇಳಿದೆ. ಕಾರಣವು ಸುಲಭವಾಗಿ ತಿಳಿಯತಕ್ಕದ್ದು. ಮೀನು ತಿಂದು ಬಿಟ್ಟ ಆಹಾರವೂ ಅದರ ಮಲವೂ ಪಂಜರದ ಕೆಳಗೆ ಶೇಖರವಾಗಿ ಕೊಳೆಯುತ್ತವೆ. ಆಳವಾದ ವಿಶಾಲ ಜಲಾಶಯವು ಅದನ್ನು ಕರಗಿಸಿಕೊಂಡೀತು; ಎತ್ತು ಎಮ್ಮೆಗಳು ನೀರು ಕುಡಿಯುವ, ಹೆಂಗಸರು ಬಟ್ಟೆ ಒಗೆಯುವ ಹತ್ತಡಿ ಆಳದ ಕೆರೆಯು ಹಸುರು ಪಾಚಿಯಿಂದ ತುಂಬಿ ನಾರುವುದು. ಆಗ ಮೊದಲು ಸಾಯುವುದು ಪಂಜರದ ಮೀನೇ.

ಲಾಭದ ದೃಷ್ಟಿಯಿಂದಲೂ ಅದು ಸಣ್ಣ ಹಿಡುವಳಿದಾರನ ಕೈಗೆ ಎಟಕುವಂಥದಲ್ಲ. ಒಂದು ಕಿಲೋಗ್ರಾಂ ಮೀನು ಬೆಳೆಯಲು ಒಂದೂವರೆ ಕಿಲೋಗ್ರಾಂ ಗುಳಿಗೆ ಬೇಕು. ಗುಳಿಗೆಯ ಬೆಲೆ ಕಿಲೋಗ್ರಾಮಿಗೆ 40 ರೂಪಾಯಿ ಎಂದಿಟ್ಟುಕೊಂಡರೆ ಆಹಾರಕ್ಕೇ 60 ರೂಪಾಯಿ ಆಯಿತು. ಮರಿ, ಕೂಲಿ, ಕಾವಲು, ಬಲೆಯ ಸವಕಳಿ, ಸಾಲದ ಬಡ್ಡಿ ಎಲ್ಲವೂ ಇದರ ಮೇಲೆ ಸೇರಬೇಕು. ಸಗಟು ವ್ಯಾಪಾರಿಯು 80 ರೂಪಾಯಿಗೆ ಕೇಳಿದ ದಿನ, ಸಾಕಿದವನಿಗೆ ಉಳಿಯುವುದು ಆಯಾಸ ಮಾತ್ರ. ನೂರು ಘನಮೀಟರಿನ ಒಂದು ಪಂಜರದಲ್ಲಿ ಮೂರು ನಾಲ್ಕು ಟನ್ ಬೆಳೆಯುವವನಿಗೆ ಪೇಟೆಯು ಮೊದಲೇ ಗೊತ್ತಾಗಿರಬೇಕು. ಜಲಾಶಯದ ದಡದಲ್ಲಿರುವ ಸಹಕಾರ ಸಂಘಗಳು ಅದನ್ನು ಯೋಚಿಸಲಿ. ನಾವು ಊರ ಕೆರೆಗೆ ಬರೋಣ.

ಕೆರೆಗೆ ಒಪ್ಪುವ ಪಂಜರ

ಊರ ಕೆರೆಗೆ ಒಪ್ಪುವುದು ಮರಿಯನ್ನು ಬಲಿಸುವ ಸಣ್ಣ ಪಂಜರ. ಇದರಲ್ಲಿ ಮೇವು ಅತ್ಯಲ್ಪ, ಅವಧಿ ಎರಡೂವರೆ ತಿಂಗಳು. ಆದುದರಿಂದ ನೀರು ಕೆಡುವ ಭಯವಿಲ್ಲ. ಮಹಾರಾಷ್ಟ್ರದ ಡಿಂಭೆ ಜಲಾಶಯದಲ್ಲಿ ಭೂಮಿ ಕಳೆದುಕೊಂಡ ಆದಿವಾಸಿಗಳ ಸಂಘವು ಇದೇ ರೀತಿಯಲ್ಲಿ ಮರಿಗಳನ್ನು ಪಂಜರದಲ್ಲಿ ಬಲಿಸಿ ಜಲಾಶಯಕ್ಕೆ ಬಿಟ್ಟು ಫಲ ಕಂಡಿದೆ.

ನಮ್ಮ ಮೈದಾನ ಸೀಮೆಯ ಕೆರೆಗಳ ಸ್ವಭಾವಕ್ಕೆ ಈ ಕ್ರಮವು ವಿಶೇಷವಾಗಿ ಹೊಂದಿಕೊಳ್ಳುತ್ತದೆ. ಆರಿದ್ರೆ, ಪುನರ್ವಸು ಮಳೆಗಳ ಕಾಲದಲ್ಲಿ ಕ್ಷೇತ್ರಗಳಲ್ಲಿ ಮರಿಯು ದೊರೆಯುತ್ತದೆ. ಆದರೆ ಆಗ ಕೆರೆಯಲ್ಲಿ ನೀರಿರುವುದು ತೂಬಿನ ಮುಂದಿನ ಗುಂಡಿಯಲ್ಲಿ ಮಾತ್ರ. ಕೆರೆ ತುಂಬುವುದು ಉತ್ತರೆ, ಹಸ್ತ, ಚಿತ್ತೆಗಳ ಮಳೆಗೆ. ಮರಿಯನ್ನು ಆಷಾಢದಲ್ಲಿಯೇ ತೆರೆದ ಗುಂಡಿಗೆ ಸುರಿದರೆ, ಅಲ್ಲಿ ಕಿಕ್ಕಿರಿದು ಸೇರಿರುವ ಕೊರವ ಮೀನಿಗೆ ಹಬ್ಬ. ಕೆರೆ ತುಂಬಲೆಂದು ಕಾದರೆ ಮರಿಯ ಕಾಲ ಮೀರಿ, ಬೆಳೆಯುವ ತಿಂಗಳುಗಳು ವ್ಯರ್ಥವಾಗುತ್ತವೆ. ಉಳಿದ ನೀರಿನಲ್ಲಿ ಪಂಜರವನ್ನಿಟ್ಟು ಮರಿಯನ್ನು ಬಲಿಸಿದರೆ, ಹಸ್ತದ ಮಳೆಗೆ ಕೆರೆ ತುಂಬುವ ವೇಳೆಗೆ ಮರಿಯೂ ಸಿದ್ಧವಾಗಿರುತ್ತದೆ.

ಇದಕ್ಕೆ ಒಂದು ನಿಬಂಧನೆಯುಂಟು. ಜುಲೈ ತಿಂಗಳಲ್ಲಿ ಆ ಗುಂಡಿಯಲ್ಲಿ ಎಂಟು ಒಂಬತ್ತು ಅಡಿ ನೀರು ನಿಂತಿರಲೇಬೇಕು. ಪಂಜರದ ತಳಕ್ಕೂ ಕೆರೆಯ ತಳಕ್ಕೂ ನಡುವೆ ಒಂದು ಮೀಟರಾದರೂ ತೆರವು ಇಲ್ಲದಿದ್ದರೆ ಕೆಸರಿನ ವಿಷವಾಯು ಮೀನನ್ನು ಬಾಧಿಸುತ್ತದೆ. ಏಡಿಗಳೂ ಆಮೆಗಳೂ ಬಲೆಯನ್ನು ಹರಿಯುತ್ತವೆ. ಅಷ್ಟು ನೀರಿಲ್ಲದ ಕೆರೆಯವರು ಈ ವರ್ಷ ಪಂಜರದ ಯೋಚನೆಯನ್ನು ಬಿಟ್ಟು, ಹೂಳೆತ್ತಿಸುವ ಯೋಚನೆಯನ್ನು ಮಾಡುವುದು ಮೇಲು.

ಪಂಜರವನ್ನು ಕಟ್ಟುವುದು

ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಚೌಕಟ್ಟನ್ನು ಗಟ್ಟಿಬಿದಿರಿನಿಂದ ಕಟ್ಟಿ, ಮೂಲೆಗಳಲ್ಲಿಯೂ ನಡುವೆಯೂ ಖಾಲಿ ಪ್ಲಾಸ್ಟಿಕ್ ಪೀಪಾಯಿಗಳನ್ನು ಬಿಗಿದು ತೇಲುವಂತೆ ಮಾಡತಕ್ಕದ್ದು. ಔಷಧಿ, ಕ್ರಿಮಿನಾಶಕಗಳು ತುಂಬಿದ್ದ ಪೀಪಾಯಿಗಳು ಎಷ್ಟೇ ಅಗ್ಗವಾಗಿ ದೊರೆತರೂ ಕೂಡದು. ಈ ಚೌಕಟ್ಟಿನೊಳಗೆ ಎರಡು ಮೀಟರ್ ಆಳದ ನೈಲಾನ್ ಬಲೆಯ ಚೀಲವನ್ನು ತೂಗುಬಿಟ್ಟು, ಒಂದೂವರೆ ಮೀಟರ್ ನೀರಿನೊಳಗೂ ಅರ್ಧ ಮೀಟರ್ ನೀರಿನ ಮೇಲೂ ಇರುವಂತೆ ಕಟ್ಟಬೇಕು. ತಳದ ನಾಲ್ಕು ಮೂಲೆಗಳಿಗೂ ಕಲ್ಲಿನ ತೂಕ ಕಟ್ಟದಿದ್ದರೆ ಚೀಲವು ಗಾಳಿಗೆ ಮುದುಡಿಕೊಂಡು ಮರಿಗಳನ್ನು ಹಿಸುಕುವುದು. ಮೇಲ್ಭಾಗಕ್ಕೆ ಹಕ್ಕಿ ಇಳಿಯದಂತೆ ಹಳೆಯ ಬಲೆಯ ಮುಚ್ಚಳವಿರಲಿ. ಮರಿ ಬಿಡುವಾಗ ಬಲೆಯ ಕಣ್ಣು ನಾಲ್ಕು ಮಿಲಿಮೀಟರಿಗಿಂತ ದೊಡ್ಡದಾಗಿರಕೂಡದು. ಮರಿಯು ಎರಡು ಅಂಗುಲವನ್ನು ದಾಟಿದ ಮೇಲೆ ಎಂಟು ಮಿಲಿಮೀಟರ್ ಕಣ್ಣಿನ ಬಲೆಗೆ ಬದಲಾಯಿಸಿದರೆ ನೀರು ಚೆನ್ನಾಗಿ ಹರಿದಾಡುತ್ತದೆ.

ಪಂಜರವನ್ನು ನಿಲ್ಲಿಸುವ ಸ್ಥಳವು ಗಾಳಿ ಬೀಸುವ ಕಡೆಯಲ್ಲಿ, ಕಳೆಗಿಡಗಳಿಲ್ಲದೆಡೆ, ಹೊಸ ನೀರು ರಭಸದಿಂದ ನುಗ್ಗುವ ಹಳ್ಳದ ಬಾಯಿಗೆ ದೂರವಾಗಿ ಇರಬೇಕು. ತೂಬಿಗೆ ತೀರ ಹತ್ತಿರವೂ ಕೂಡದು. ಬೆಳೆಗೆ ನೀರು ಬಿಟ್ಟಾಗ ಸೆಳೆತಕ್ಕೆ ಬಲೆ ಸಿಕ್ಕಿಕೊಂಡರೆ ತೂಬಿಗೂ ತೊಂದರೆ, ಪಂಜರಕ್ಕೂ ತೊಂದರೆ.

ಲಂಗರಿನ ಹಗ್ಗದ ವಿಷಯದಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಒಂದು ಗ್ರಾಮದಲ್ಲಿ ಬಹಳ ಅಚ್ಚುಕಟ್ಟಾಗಿ ಎರಡು ಪಂಜರಗಳನ್ನು ಕಟ್ಟಿ, ಅಲುಗದಿರಲೆಂದು ನಾಲ್ಕು ಕಡೆಗೂ ಹಗ್ಗವನ್ನು ಬಿಗಿಯಾಗಿ ಎಳೆದು ಕಲ್ಲುಗಳಿಗೆ ಬಿಗಿದಿದ್ದರು. ನೋಡಲು ಅಂದವಾಗಿತ್ತು, ನಾನೂ ಹೊಗಳಿ ಬಂದೆ. ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಕೆರೆಯ ನೀರು ಆರಡಿ ಏರಿತು. ಹಗ್ಗ ಸಡಿಲವಾಗದೆ ಪಂಜರಗಳು ಇದ್ದಲ್ಲಿಯೇ ಮುಳುಗಿ, ಬೆಳಗಾಗುವಾಗ ನೀರಿನ ಮೇಲೆ ಒಂದು ಪೀಪಾಯಿಯೂ ಕಾಣಲಿಲ್ಲ. ಮರಿಗಳೆಲ್ಲ ಬಾಯಿ ತೆರೆದ ಬಲೆಯಿಂದ ಹೊರಟುಹೋಗಿದ್ದವು. ಹೊಗಳುವ ಬದಲು ಹಗ್ಗವನ್ನು ಅಳೆದಿದ್ದರೆ ಆ ನಷ್ಟ ತಪ್ಪುತ್ತಿತ್ತು. ನೀರಿನ ಈಗಿನ ಆಳಕ್ಕಲ್ಲ, ಕೋಡಿ ಬೀಳುವ ದಿನದ ಆಳಕ್ಕೆ ಎರಡರಷ್ಟು ಹಗ್ಗವನ್ನು ಎರಡು ಕಡೆಗೆ ಮಾತ್ರ ಬಿಟ್ಟು, ಪಂಜರವು ತಾನೇ ಏರಿ ಇಳಿಯಲು ಅವಕಾಶ ಕೊಡತಕ್ಕದ್ದು.

ಮರಿ ಬಿಡುವುದು, ಮೇವು ಹಾಕುವುದು

ಒಂದು ಘನಮೀಟರ್ ನೀರಿಗೆ 200 ಮರಿಗಳು ಹೊಸಬರಿಗೆ ಸಾಕು. ಮೇಲೆ ಹೇಳಿದ ಪಂಜರದಲ್ಲಿ 18 ಘನಮೀಟರ್ ನೀರಿರುವುದರಿಂದ 3,600 ಮರಿಗಳಾಗುತ್ತವೆ. ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವುಗಳಲ್ಲಿ ಯಾವುದಾದರೂ ಆಗಬಹುದು. ಒಂದು ಪಂಜರಕ್ಕೆ ಒಂದೇ ಗಾತ್ರದ ಮರಿಗಳಿರಬೇಕೆಂಬುದು ಮುಖ್ಯ. ಆಫ್ರಿಕದ ಕ್ಯಾಟ್‌ಫಿಷನ್ನು ಸಾಕುವುದು ಕೇಂದ್ರ ಸರ್ಕಾರದ ಆಜ್ಞೆಯಿಂದ ನಿಷಿದ್ಧ. ಯಾರು ಎಷ್ಟೇ ಲಾಭ ತೋರಿಸಿದರೂ ಅದನ್ನು ಕೆರೆಗೆ ಸೇರಿಸಬಾರದು. 1952ರಲ್ಲಿ ಸಿಂಹಳದಿಂದ ನಮ್ಮ ದೇಶಕ್ಕೆ ತಂದ ಜಿಲೇಬಿ ಮೀನು ಎಷ್ಟು ಕೆರೆಗಳಲ್ಲಿ ಹಬ್ಬಿ, ಅಂಗೈಯಗಲಕ್ಕಿಂತ ಬೆಳೆಯದೆ, ಬೇರೆ ಮೀನಿನ ಮೇವನ್ನು ತಿನ್ನುತ್ತಿದೆಯೆಂಬುದು ಗ್ರಾಮಸ್ಥರಿಗೆ ತಿಳಿದೇ ಇದೆ. ಒಮ್ಮೆ ಕೆರೆಗೆ ಇಳಿದ ಜಾತಿಯನ್ನು ಮತ್ತೆ ಹೊರಗೆ ಹಾಕುವ ಉಪಾಯವಿಲ್ಲ.

ಮರಿಯನ್ನು ತರುವುದು ರಾತ್ರಿ ಅಥವಾ ನಸುಕಿನಲ್ಲಾಗಬೇಕು. ಚೀಲವನ್ನು ಬಿಚ್ಚದೆ ಕಾಲು ಗಂಟೆ ಪಂಜರದ ನೀರಿನಲ್ಲಿ ತೇಲಿಬಿಟ್ಟು, ಬಳಿಕ ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಸೇರಿಸಿ, ಮರಿಗಳು ತಾವಾಗಿ ಹೊರಗೆ ಈಜುವಂತೆ ಚೀಲವನ್ನು ಓರೆಮಾಡಬೇಕು. ಹತ್ತು ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪನ್ನು ಕರಗಿಸಿ, ಒಂದೆರಡು ನಿಮಿಷ ಮರಿಗಳನ್ನು ಅದರಲ್ಲಿ ಅದ್ದಿ ಬಿಟ್ಟರೆ ಮೈಗೆ ಅಂಟಿದ ಮೀನುಹೇನು ಮುಂತಾದವು ಬಹುಮಟ್ಟಿಗೆ ಬಿಟ್ಟುಹೋಗುತ್ತವೆ.

ಮೇವಿಗೆ ಕಡಲೆಕಾಯಿ ಹಿಂಡಿಯನ್ನೂ ಅಕ್ಕಿಯ ತೌಡನ್ನೂ ಸಮವಾಗಿ ಬೆರಸಿ, ಮೊದಲ ಎರಡು ವಾರ ನುಣ್ಣಗೆ ಪುಡಿಮಾಡಿಯೂ, ಅನಂತರ ನೀರಿನಲ್ಲಿ ಕಲಸಿ ಉಂಡೆ ಮಾಡಿಯೂ ಕೊಡಬಹುದು. ಉಂಡೆಯನ್ನು ನೀರಿಗೆ ಎಸೆಯದೆ, ತಟ್ಟೆಯಲ್ಲಿಟ್ಟು ಒಂದು ಮೊಳ ಆಳಕ್ಕೆ ಇಳಿಬಿಟ್ಟು, ಎರಡು ಗಂಟೆಯ ಮೇಲೆ ಎತ್ತಿ ನೋಡಬೇಕು. ಉಳಿದಿದ್ದರೆ ಮರುದಿನ ಕಡಮೆ ಮಾಡತಕ್ಕದ್ದು. ಮೊದಲು ಮರಿಗಳ ಒಟ್ಟು ತೂಕದ ನೂರಕ್ಕೆ ಹತ್ತರಂತೆ ಆರಂಭಿಸಿ, ಕೊನೆಯಲ್ಲಿ ನೂರಕ್ಕೆ ಐದಕ್ಕೆ ಇಳಿಸುವುದು ವಾಡಿಕೆ. ಮೊದಲ ದಿನಗಳಲ್ಲಿ ಪಂಜರವೊಂದಕ್ಕೆ ಸುಮಾರು 100 ಗ್ರಾಂ ಸಾಕು ಎಂದರೆ ಅನೇಕರು ನಂಬುವುದಿಲ್ಲ. ದನಕ್ಕೆ ಹಾಕುವಂತೆ ಸೇರುಗಟ್ಟಲೆ ಸುರಿದು ನೀರನ್ನು ಕೆಡಿಸುತ್ತಾರೆ. ಹದಿನೈದು ದಿನಗಳಿಗೊಮ್ಮೆ ಐವತ್ತು ಮರಿಗಳನ್ನು ತೂಗಿ ಮೇವನ್ನು ಲೆಕ್ಕ ಹಾಕಬೇಕು.

ವಾರಕ್ಕೊಮ್ಮೆ ಬಲೆಯ ಪಾಚಿಯನ್ನು ಮೃದುವಾದ ಕುಂಚದಿಂದ ಉಜ್ಜತಕ್ಕದ್ದು. ಮೊದಲ ಮಳೆಯ ಕೆಂಪು ನೀರು ಬಂದ ದಿನ ಮಾತ್ರ ವಾರಕ್ಕಾಗಿ ಕಾಯಬಾರದು. ಮಣ್ಣು ಕಣ್ಣುಗಳನ್ನು ಮುಚ್ಚಿ ಒಳಗಿನ ನೀರು ಸತ್ತಂತಾಗುತ್ತದೆ. ಮೋಡ ಕವಿದು ಗಾಳಿಯಿಲ್ಲದ ದಿನಗಳ ನಸುಕಿನಲ್ಲಿ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಪ್ರಾಣವಾಯು ಸಾಲದೆಂದು ತಿಳಿದು, ಆ ದಿನ ಮೇವನ್ನು ನಿಲ್ಲಿಸಿ, ಪಂಜರವನ್ನು ತೆರೆದ ನೀರಿಗೆ ಎಳೆದು, ಕೊಡದಿಂದ ನೀರನ್ನು ಎತ್ತಿ ಎತ್ತಿ ಸುರಿಯಬೇಕು.

ಖರ್ಚು ವೆಚ್ಚದ ಲೆಕ್ಕ

ಎಂಟು ಎಕರೆ ನೀರು ನಿಲ್ಲುವ ಕೆರೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೆಕ್ಟೇರಿಗೆ 2,000ದಂತೆ ಬಲಿತ ಮರಿ ಬೇಕಾದರೆ ಸುಮಾರು 6,480 ಆಯಿತು. ಪಂಜರದಲ್ಲಿ ನೂರಕ್ಕೆ ಅರವತ್ತು ಉಳಿಯುವುದೆಂದು ಎಣಿಸಿದರೆ, ಮೂರು ಪಂಜರಗಳಿಗೆ 10,800 ಸಣ್ಣ ಮರಿಗಳನ್ನು ತರಬೇಕು. ಕೆಳಗಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಓದುವವರು ತಮ್ಮ ಊರಿನ ದರವನ್ನು ಹಾಕಿ ಮತ್ತೆ ಎಣಿಸಿಕೊಳ್ಳಬೇಕು.

ಮರಿಗೆ ತಲಾ 30 ಪೈಸೆಯಂತೆ 3,240 ರೂಪಾಯಿ. ಮೇವು ಒಟ್ಟು 120 ಕಿಲೋಗ್ರಾಂ, 35 ರೂಪಾಯಿಯಂತೆ 4,200. ಮೂರು ಪಂಜರಗಳಿಗೆ ತಲಾ 12,000ದಂತೆ 36,000 ರೂಪಾಯಿ ಆಗಿ, ಅದು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 9,000. ಬೆಳಿಗ್ಗೆ ಸಂಜೆ ಮೇವು ಹಾಕಿ ನೋಡಿಕೊಳ್ಳುವ ಆಳಿಗೆ 75 ದಿನಗಳಿಗೆ ದಿನಕ್ಕೆ ನೂರರಂತೆ 7,500. ಒಟ್ಟು 23,940 ರೂಪಾಯಿ. ಬಲಿತ ಮರಿಯೊಂದಕ್ಕೆ ಸುಮಾರು 3 ರೂಪಾಯಿ 70 ಪೈಸೆ ಬೀಳುತ್ತದೆ. ಮನೆಯವರೇ ಕೆಲಸ ಮಾಡಿದರೆ 2 ರೂಪಾಯಿ 54 ಪೈಸೆ. ಇದು ಕೆಲವು ಕಡೆ ಕೊಂಡು ತರುವ ಬಲಿತ ಮರಿಯ ಬೆಲೆಗಿಂತ ಕಡಮೆಯಾಗದೆಯೂ ಇರಬಹುದು ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ದೂರದಿಂದ ಬರುವ ದೊಡ್ಡ ಮರಿಯು ದಾರಿಯಲ್ಲಿ ಸಾಯುತ್ತದೆ, ಬೇಕಾದ ವಾರದಲ್ಲಿ ದೊರೆಯುವುದಿಲ್ಲ. ಪಂಜರದ ಮರಿಯು ಅದೇ ಕೆರೆಯ ನೀರಿಗೆ ಒಗ್ಗಿರುತ್ತದೆ.

ಇನ್ನು ಆದಾಯ. ಬಲಿತ 6,480 ಮರಿಗಳಲ್ಲಿ ನೂರಕ್ಕೆ ನಲವತ್ತು ಮಾತ್ರ ಬಲೆಗೆ ಬಂದು, ತಲಾ 600 ಗ್ರಾಂ ತೂಗಿದರೆ 1,555 ಕಿಲೋಗ್ರಾಂ. ಅದೇ 10,800 ಸಣ್ಣ ಮರಿಗಳನ್ನು ನೇರವಾಗಿ ಕೆರೆಗೆ ಸುರಿದು, ಹತ್ತಕ್ಕೊಂದು ಬಲೆಗೆ ಬಂದು, ಸಂಖ್ಯೆ ಕಡಮೆಯಾದುದರಿಂದ ತಲಾ 800 ಗ್ರಾಂ ಬೆಳೆದರೂ 864 ಕಿಲೋಗ್ರಾಂ. ವ್ಯತ್ಯಾಸ ಸುಮಾರು 690 ಕಿಲೋಗ್ರಾಂ. 80 ರೂಪಾಯಿಯಂತೆ 55,200. ಪಂಜರಕ್ಕಾಗಿ ಮಾಡಿದ ಹೆಚ್ಚಿನ ವೆಚ್ಚ 20,700ನ್ನು ಕಳೆದರೆ 34,500 ರೂಪಾಯಿ ಉಳಿಯುತ್ತದೆ. ಹಸ್ತ ಚಿತ್ತೆಗಳು ಕೈಕೊಟ್ಟು ಕೆರೆ ತುಂಬದ ವರ್ಷ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಂಥ ವರ್ಷ ಬಲಿತ ಮರಿಗಳನ್ನು ನೀರಿರುವ ನೆರೆಯ ಕೆರೆಯವರಿಗೆ ಮಾರಿ ಅಸಲನ್ನಾದರೂ ಉಳಿಸಿಕೊಳ್ಳಬೇಕು. ಆದುದರಿಂದಲೇ ಸಾಲ ಮಾಡಿ ಮೊದಲ ವರ್ಷವೇ ಮೂರು ಪಂಜರ ಕಟ್ಟುವುದಕ್ಕಿಂತ, ಒಂದನ್ನು ಕಟ್ಟಿ ಕೈ ಪಳಗಿಸಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಗ್ರಾಮಮುಖ್ಯರು ಗಮನಿಸತಕ್ಕ ವಿಷಯಗಳು

ಕೆರೆಯ ಮೀನಿನ ಹಕ್ಕು ಪಂಚಾಯತಿಯದೋ, ಇಲಾಖೆಯದೋ, ಗುತ್ತಿಗೆ ಪಡೆದ ಸಂಘದ್ದೋ ಎಂಬುದನ್ನು ಬರವಣಿಗೆಯಲ್ಲಿ ತಿಳಿದುಕೊಳ್ಳದೆ ಒಂದು ಬಿದಿರನ್ನೂ ನೀರಿಗೆ ಇಳಿಸಬಾರದು. ಹಕ್ಕು ಒಬ್ಬನದು, ಪಂಜರ ಇನ್ನೊಬ್ಬನದು ಆದರೆ ಮರಿಯನ್ನು ಕೆರೆಗೆ ಬಿಟ್ಟ ಮರುದಿನವೇ ವ್ಯಾಜ್ಯ. ಪಂಜರ ಇಟ್ಟವರಿಗೆ ಮೀನಿನಲ್ಲಿ ಭಾಗವೋ, ಮರಿಯ ಬೆಲೆಯೋ ಎಂಬುದು ಮೊದಲೇ ತೀರ್ಮಾನವಾಗಿರಲಿ. ತಲತಲಾಂತರದಿಂದ ಕೆರೆಯಲ್ಲಿ ಬಲೆ ಬೀಸುತ್ತಿರುವ ಬೆಸ್ತರ ಮನೆಗಳಿದ್ದರೆ ಅವರನ್ನು ಬಿಟ್ಟು ಈ ಕೆಲಸವನ್ನು ಮಾಡುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು. ನೀರಿನ ಗುಟ್ಟು ಅವರಿಗೆ ತಿಳಿದಂತೆ ನಮಗೆ ತಿಳಿಯದು.

ಅಚ್ಚುಕಟ್ಟಿನ ಬೆಳೆಗೆ ನೀರು ಮೊದಲು, ಮೀನು ಆಮೇಲೆ. ಮೀನಿಗಾಗಿ ನೀರನ್ನು ತಡೆಯಬೇಕೆಂದು ನೀರುಗಂಟಿಯ ಮೇಲೆ ಒತ್ತಾಯ ತರುವುದು ಕೆಲವೆಡೆ ಕಂಡುಬಂದಿದೆ. ಇದಕ್ಕೆ ಅವಕಾಶ ಕೊಡಬಾರದು. ಹಾಗೆಯೇ ಮೀನು ಕೊಚ್ಚಿಹೋಗದಿರಲೆಂದು ಕೋಡಿಗೆ ಅಡ್ಡಲಾಗಿ ಒತ್ತಾದ ಬಿದಿರುತಟ್ಟಿಯನ್ನು ನಿಲ್ಲಿಸುವವರುಂಟು. ಜೋರಾದ ಮಳೆಯಲ್ಲಿ ಕಸಕಡ್ಡಿ ಬಂದು ತಟ್ಟಿಯನ್ನು ಮುಚ್ಚಿದರೆ ನೀರು ಕೋಡಿಯನ್ನು ಬಿಟ್ಟು ಏರಿಯನ್ನು ಹತ್ತುತ್ತದೆ. ಏರಿ ಒಡೆದರೆ ಕೆಳಗಿನ ಗದ್ದೆಗೂ ಊರಿಗೂ ಆಗುವ ಹಾನಿಯ ಮುಂದೆ ಮೀನಿನ ಬೆಲೆ ಏನೂ ಅಲ್ಲ. ಅಗಲವಾದ ಕಣ್ಣಿನ ಜಾಲರಿಯನ್ನು ಮಾತ್ರ ಇಟ್ಟು, ಮಳೆಯ ರಾತ್ರಿ ಅದನ್ನು ಕೀಳಲು ಒಬ್ಬನನ್ನು ಹೆಸರು ಹೇಳಿ ನೇಮಿಸಿರಬೇಕು.

ಸಹಾಯಧನ ಬೇಕಾದವರು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಮತ್ಸ್ಯ ಸಂಪದಾ ಯೋಜನೆಯಲ್ಲಿ ಜಲಾಶಯದ ಪಂಜರಗಳಿಗೆ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ನೂರಕ್ಕೆ 60ರಂತೆ ಸಹಾಯ ಗೊತ್ತುಮಾಡಿತ್ತು. ಆ ನೆರವು ಊರ ಕೆರೆಯ ಸಣ್ಣ ಪಂಜರಕ್ಕೆ ಅನ್ವಯಿಸುವುದೆಂದು ಯಾರೂ ಎಣಿಸಿಕೊಳ್ಳಬಾರದು. ಕಚೇರಿಯಲ್ಲಿ ಕೇಳಿದ ಮೇಲೆಯೇ ಹಣವನ್ನು ಹಾಕತಕ್ಕದ್ದು.

ಮರಿಗಳು ಮೂರು ನಾಲ್ಕು ಅಂಗುಲ ಬೆಳೆದು, ಕೆರೆಯಲ್ಲಿ ನೀರು ನಿಂತ ಮೇಲೆ, ಒಂದು ಸಂಜೆ ಪಂಜರವನ್ನು ಕೆರೆಯ ನಡುವಿಗೆ ಎಳೆದು, ಎಣಿಸಿ ಬರೆದುಕೊಂಡು, ಬಲೆಯ ಒಂದು ಅಂಚನ್ನು ನೀರಿನೊಳಕ್ಕೆ ಇಳಿಸಿದರೆ ಅವು ತಾವಾಗಿಯೇ ಹೊರಡುತ್ತವೆ. ಬಲೆಯನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಇಲಿ ಮುಟ್ಟದಂತೆ ಅಟ್ಟದ ಮೇಲೆ ತೂಗುಹಾಕತಕ್ಕದ್ದು. ಬಿಸಿಲಿನಲ್ಲಿ ಬಿಟ್ಟ ನೈಲಾನ್ ಬಲೆಯು ಎರಡನೆಯ ವರ್ಷಕ್ಕೇ ಪುಡಿಯಾಗುವುದರಿಂದ, ಬರುವ ಮೇ ತಿಂಗಳಲ್ಲಿ ಅದನ್ನು ಇಳಿಸಿ ಒಂದೊಂದು ಕಣ್ಣನ್ನೂ ಎಳೆದು ನೋಡಿ, ಹರಿದಲ್ಲಿ ಹೆಣೆದುಕೊಂಡ ಮೇಲೆಯೇ ಮರಿಗೆ ಅರ್ಜಿ ಹಾಕಬೇಕು.